ಲೆಡ್ ಏಪ್ರನ್ ಒರೆಸುವುದು, ಒಣಗಿಸುವುದು: ಮಲೆನಾಡಿನ ಆಸ್ಪತ್ರೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಆ ವರ್ಷ ಪುನರ್ವಸು ಮಳೆ ಬಿಡದೆ ಹಿಡಿದಿತ್ತು. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಮೂಳೆ ಓಟಿಯ (ಆಪರೇಷನ್ ಥಿಯೇಟರಿನ), ಎಕ್ಸ್‌ರೇ ಮೈಗೆ ತಾಗದಂತೆ ಹಾಕಿಕೊಳ್ಳುವ ಐದು ಲೆಡ್ ಏಪ್ರನ್‌ಗಳು ತುಂಬಾ ಗಲೀಜಾಗಿದ್ದವು. ಒಬ್ಬರು ಒಳ್ಳೆ ಮನಸ್ಸಿನಿಂದ ಅವನ್ನೆಲ್ಲ ಸೋಪು ನೀರು ಸುರಿದು ತೊಳೆದರು. ನೀರಿಳಿಯಲಿ ಅಂತ ಅರ್ಧ ದಿನ ಹಗ್ಗದ ಮೇಲೆ ಹಾಕಿದರು. ಸಂಜೆ ಕಬ್ಬಿಣದ ಬೀರುವಿಗೆ ಸೇರಿಸಿ ಬಾಗಿಲು ಹಾಕಿದರು. ಓಟಿಯ ಎಕ್ಸ್‌ರೇ ಯಂತ್ರ ಸಿ-ಆರ್ಮ್ ಕೆಟ್ಟು ನಿಂತಿದ್ದರಿಂದ ಹತ್ತು ದಿನ ಯಾರೂ ಆ ಬೀರು ತೆಗೆಯಲಿಲ್ಲ.

ತೆಗೆದ ದಿನ ನಾನು ಅಲ್ಲೇ ಇದ್ದೆ. ಮೊದಲು ಬಂದದ್ದು ವಾಸನೆ. ಮಳೆಗಾಲದಲ್ಲಿ ಮೂಲೆಯಲ್ಲಿ ಮರೆತ ಕಂಬಳಿಯ ವಾಸನೆ. ಹೊಲಿಗೆಯ ಉದ್ದಕ್ಕೂ ಬಿಳಿ ಬೂಷ್ಟು ಕಟ್ಟಿತ್ತು. ವೆಲ್ಕ್ರೋ ಪಟ್ಟಿಯ ಕೊಕ್ಕೆಗಳ ನಡುವೆ ಹಸಿರು ಚುಕ್ಕಿ. ಒಂದು ಏಪ್ರನ್‌ನ ಕೆಳಗಿನ ಅಂಚನ್ನು ಬೆರಳಲ್ಲಿ ಹಿಂಡಿ ನೋಡಿದೆ. ಹತ್ತು ದಿನದ ಹಿಂದಿನ ನೀರು ಹನಿಯಾಗಿ ಹೊರಗೆ ಬಂತು.

ಅಂದಿನಿಂದ ಹೊಸಬರಿಗೆ ಕಲಿಸುವಾಗ ನಾನು ಮೊದಲು ಹೇಳುವುದು ಒಣಗಿಸುವುದನ್ನು, ಆಮೇಲೆ ತೊಳೆಯುವುದನ್ನು. ಕಂಪನಿಯವರು ಕೊಡುವ ಚೀಟಿಯಲ್ಲಿ ‘ನೆರಳಿನಲ್ಲಿ ಒಣಗಿಸಿ’ ಅಂತ ಒಂದೇ ಮಾತಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಉಡುಪು ಒಣಗುವುದೇ ಎರಡು ದಿನ. ಐದಾರು ಕೆಜಿ ತೂಕದ, ನಡುವೆ ರಬ್ಬರಿನಂಥ ಹಾಳೆ ಇರುವ ಏಪ್ರನ್ ಅಷ್ಟು ಸುಲಭಕ್ಕೆ ಒಣಗುತ್ತದಾ? ಅದಕ್ಕೆ ನಮ್ಮ ಊರಿಗೆ ನಮ್ಮದೇ ಕ್ರಮ ಬೇಕು.

ಇದನ್ನು ಎಕ್ಸ್‌ರೇ, ಸಿಟಿ ಸ್ಕ್ಯಾನ್, ಸಿ-ಆರ್ಮ್, ಹೃದಯದ ರಕ್ತನಾಳಗಳ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್‌ಗಳ ಏಪ್ರನ್‌ಗಳಿಗಾಗಿ ಬರೆಯುತ್ತಿದ್ದೇನೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಮಾತೇ ಬೇರೆ. ಅಲ್ಲಿ ಔಷಧದ ರೂಪದ ವಿಕಿರಣ ವಸ್ತು ಏಪ್ರನ್ ಮೇಲೆ ಬಿದ್ದಿರಬಹುದು. ಮೊದಲು ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡದೆ ಅದನ್ನು ಮುಟ್ಟಬಾರದು.

ಏಪ್ರನ್ ಒಳಗೆ ಏನಿದೆ

ಹೊರಗೆ ಕಾಣುವುದು ನೈಲಾನ್ ಬಟ್ಟೆ. ಅದರ ಮೇಲೆ ನೀರು ನಿಲ್ಲಿಸುವ ತೆಳು ಲೇಪ. ಒಳಗೆ ವಿನೈಲ್ ಅಥವಾ ರಬ್ಬರಿನಲ್ಲಿ ಸೀಸದ ಪುಡಿ ಬೆರೆಸಿ ಎಳೆದ ಹಾಳೆ. ಹಗುರ ಏಪ್ರನ್‌ಗಳಲ್ಲಿ ಸೀಸದ ಜೊತೆಗೆ ಅಥವಾ ಸೀಸದ ಬದಲು ತವರ, ಆಂಟಿಮನಿ, ಬಿಸ್ಮತ್, ಟಂಗ್‌ಸ್ಟನ್ ತರಹದ ಲೋಹದ ಪುಡಿ ಇರುತ್ತದೆ. ಲೇಬಲ್ ಮೇಲೆ 0.25 ಅಥವಾ 0.5 ಮಿಲಿಮೀಟರ್ ಅಂತ ಬರೆದಿರುತ್ತಾರಲ್ಲ, ಅಷ್ಟು ದಪ್ಪದ ಸೀಸದ ತಗಡು ಎಷ್ಟು ತಡೆಯುತ್ತದೋ ಈ ಹಾಳೆ ಅಷ್ಟು ತಡೆಯುತ್ತದೆ ಅಂತ ಅದರ ಅರ್ಥ.

ತೊಳೆಯುವವರಿಗೆ ಇದು ಯಾಕೆ ಗೊತ್ತಿರಬೇಕು? ಏಕೆಂದರೆ ಕಾಪಾಡುವುದು ಹೊರಗಿನ ಬಟ್ಟೆ ಅಲ್ಲ, ಕಣ್ಣಿಗೆ ಕಾಣದ ಆ ಹಾಳೆ. ಮಡಚಿದರೆ ಅದು ಸೀಳುತ್ತದೆ. ಬಿಸಿ ತಾಗಿದರೆ ಗಟ್ಟಿಯಾಗಿ ಬಿರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಹೊಲಿಗೆಯ ಸೂಜಿ ತೂತುಗಳಿಂದ ಒಳಗೆ ಹೋದ ನೀರು ಹಾಳೆಗೂ ಬಟ್ಟೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಗಾಳಿ ಆಡದ ಜಾಗ ಅದು.

ಮೊದಲು ಹೆದರಿಕೆ ಬಿಡಿಸಬೇಕು

‘ಸಾರ್, ಇದರಲ್ಲಿ ರೇಡಿಯೇಶನ್ ಕೂತಿರುತ್ತಲ್ಲ, ನಾವು ಮುಟ್ಟಬಹುದಾ?’ ಡಿ ಗ್ರೂಪ್ ಸಿಬ್ಬಂದಿ, ಆಯಾಗಳು ಈ ಪ್ರಶ್ನೆ ಕೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೋ. ಎಷ್ಟೋ ಜನ ಕೇಳಲು ಸಂಕೋಚಪಟ್ಟು ಸುಮ್ನೆ ತುದಿ ಬೆರಳಲ್ಲಿ ಎತ್ತಿ, ಒಂದು ಸಲ ಒರೆಸಿದಂತೆ ಮಾಡಿ ಇಡುತ್ತಾರೆ. ಅದು ಅವರ ಸೋಮಾರಿತನ ಅಲ್ಲ. ನಾವು ಹೇಳಿಕೊಡದೇ ಇದ್ದದ್ದು ನಮ್ಮ ತಪ್ಪು.

ಉತ್ತರ ಸರಳ. ಎಕ್ಸ್‌ರೇ ಅಂದರೆ ಬಲ್ಬಿನ ಬೆಳಕಿದ್ದಂತೆ. ಸ್ವಿಚ್ ಆಫ್ ಮಾಡಿದ ಕ್ಷಣ ಹೋಯಿತು. ಬೆಳಕು ಬಿದ್ದ ಗೋಡೆ ಕತ್ತಲಲ್ಲಿ ಹೊಳೆಯುತ್ತದಾ? ಇಲ್ಲ ಅಲ್ವಾ. ಹಾಗೇ ಎಕ್ಸ್‌ರೇ ತಡೆದ ಏಪ್ರನ್‌ನಲ್ಲಿ ಯಾವ ವಿಕಿರಣವೂ ಉಳಿಯುವುದಿಲ್ಲ. ಧೈರ್ಯವಾಗಿ ಮುಟ್ಟಬಹುದು.

ಎಚ್ಚರ ಇರಬೇಕಾದದ್ದು ಬೇರೆ ಎರಡಕ್ಕೆ. ಒಂದು, ರೋಗಾಣು. ಬೆವರು, ರಕ್ತ, ಕಫದ ಹನಿ ಏಪ್ರನ್ ಮೇಲೆ ಬೀಳುತ್ತವೆ. ಒಂದೇ ಏಪ್ರನ್ ದಿನಕ್ಕೆ ಹತ್ತು ಜನರ ಮೈ ಮೇಲೆ ಹೋಗುತ್ತದೆ. ಏಪ್ರನ್, ಕತ್ತಿಗೆ ಕಟ್ಟುವ ಸೀಸದ ಕಾಲರ್‌ಗಳನ್ನು ಸ್ವಾಬ್ ಮಾಡಿ ನೋಡಿದ ಕಡೆ ಚರ್ಮದ ಸೋಂಕು ತರುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಸಿಕ್ಕಿದೆ. ಎರಡನೆಯದು ಸೀಸದ ಧೂಳು. ಹಳೆ ಏಪ್ರನ್‌ಗಳ ಹೊರಮೈ ಮೇಲೂ ಸೀಸ ಇರಬಹುದು. ಹೊಲಿಗೆ ಬಿಟ್ಟಿದ್ದರೆ, ಬಟ್ಟೆ ಸವೆದಿದ್ದರೆ ಜಾಸ್ತಿ. ಸೀಸ ಹೊಟ್ಟೆಗೆ ಹೋದರೆ ಮೈಯಲ್ಲಿ ಉಳಿಯುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು.

ಆದ್ದರಿಂದ ಏಪ್ರನ್ ಒರೆಸಿದವರು, ಹಾಕಿ ತೆಗೆದವರು ಊಟ ತಿಂಡಿಗೆ ಮುಂಚೆ ಸೋಪು ಹಾಕಿ ಕೈ ತೊಳೆಯಲೇಬೇಕು. ಸ್ಯಾನಿಟೈಸರ್ ಸಾಲದು. ಅದು ರೋಗಾಣುವನ್ನು ಕೊಲ್ಲುತ್ತದೆ, ಸೀಸವನ್ನು ಕೈಯಿಂದ ತೆಗೆಯುವುದಿಲ್ಲ. ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಏಪ್ರನ್ ಅಥವಾ ಅದರ ಕವರನ್ನು ಮನೆಗೆ ಒಯ್ದು ತೊಳೆಯಬೇಡಿ. ನಿಮ್ಮ ಮನೆ ಬಚ್ಚಲಲ್ಲಿ ಮಕ್ಕಳ ಬಟ್ಟೆಯೂ ಒಗೆಯುತ್ತೀರಿ.

ಮಾಡಬಾರದ್ದು

ವಾಷಿಂಗ್ ಮೆಷಿನ್, ಡ್ರೈ ಕ್ಲೀನಿಂಗ್, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರ), ಇಸ್ತ್ರಿ, ಇವು ನಾಲ್ಕೂ ಏಪ್ರನ್ ಹತ್ತಿರ ಸುಳಿಯಬಾರದು. ಬಕೆಟ್‌ನಲ್ಲಿ ನೆನೆಹಾಕಬಾರದು. ಹಿಂಡಬಾರದು. ಒಗೆಯುವ ಕಲ್ಲಿಗೆ ಬಡಿಯುವ ಮಾತಂತೂ ದೂರ.

ಹೈಪೋ, ಅಂದರೆ ಬ್ಲೀಚ್ ದ್ರಾವಣದ (ಸೋಡಿಯಂ ಹೈಪೋಕ್ಲೋರೈಟ್) ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೆಲದ ಮೇಲೆ ರಕ್ತ ಬಿದ್ದರೆ 1% ಹೈಪೋ ಹಾಕುವುದು ನಮ್ಮೆಲ್ಲರ ಕೈಗೆ ಅಭ್ಯಾಸವಾಗಿದೆ. ಅದೇ ಕೈ ಏಪ್ರನ್ ಮೇಲಿನ ರಕ್ತಕ್ಕೂ ಹೈಪೋ ಸುರಿಯುತ್ತದೆ. ನೆಲಕ್ಕೆ ಅದು ಸರಿ. ಏಪ್ರನ್‌ಗೆ ಮತ್ತೆ ಮತ್ತೆ ಹಾಕಿದರೆ ಬಣ್ಣ ಹೋಗುತ್ತದೆ, ಲೇಪ ಗಟ್ಟಿಯಾಗಿ ಬಿರಿಯುತ್ತದೆ, ಹೊಲಿಗೆಯ ದಾರ ಸಡಿಲವಾಗುತ್ತದೆ. ಬಿರಿದ ಲೇಪದೊಳಗೆ ಮುಂದಿನ ಸಲದ ರಕ್ತ ಇಳಿದು ಕೂರುತ್ತದೆ. ಸ್ಪಿರಿಟ್ ಕಥೆಯೂ ಬಹುಪಾಲು ಇದೇ. ಕೆಲವು ಕಂಪನಿಗಳು ಒಪ್ಪುತ್ತವೆ, ತುಂಬಾ ಕಂಪನಿಗಳು ಬೇಡ ಅನ್ನುತ್ತವೆ. ನಿಮ್ಮ ಏಪ್ರನ್‌ನ ಲೇಬಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಫಿನಾಯಿಲ್, ಸೀಮೆಎಣ್ಣೆ, ಥಿನ್ನರ್, ಬಟ್ಟೆ ಒಗೆಯುವ ಸೋಪಿನ ಪುಡಿ, ಇವೂ ಬೇಡ.

ಬೇಕಾದ ಸಾಮಾನು

ದೊಡ್ಡ ಖರ್ಚಿಲ್ಲ. ಬಹುಪಾಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಸಿಗುತ್ತದೆ. ಎರಡು ಬಕೆಟ್, ಒಂದು ಸೋಪು ನೀರಿಗೆ, ಇನ್ನೊಂದು ಬರೀ ನೀರಿಗೆ. ಎರಡು ಬಣ್ಣದ ಮೈಕ್ರೋಫೈಬರ್ ಬಟ್ಟೆ, ತಲಾ ಆರು. ಮೃದುವಾದ ನೈಲಾನ್ ಬ್ರಷ್. ವೆಲ್ಕ್ರೋಗೆ ಒಂದು ಹಲ್ಲುಜ್ಜುವ ಬ್ರಷ್. ಕೈಗವಸು, ಮಾಸ್ಕ್, ಪ್ಲಾಸ್ಟಿಕ್ ಏಪ್ರನ್. ಖಾರವಿಲ್ಲದ, ಬಣ್ಣವಿಲ್ಲದ ದ್ರವ ಸೋಪು. ಕೆಲವರು ಅಂಟುವಾಳದ ನೀರು ಆಗುತ್ತದಾ ಅಂತ ಕೇಳುತ್ತಾರೆ. ರೇಷ್ಮೆ ಸೀರೆಗೆ ಅದು ಚೆನ್ನ. ಏಪ್ರನ್‌ಗೆ ನಾನು ಹಾಕುವುದಿಲ್ಲ. ಅದರ ಹದ ಪ್ರತಿ ಸಲ ಬೇರೆ ಬೇರೆ, ಜಿಗುಟು ಉಳಿದರೆ ಬೂಷ್ಟಿಗೆ ಊಟ ಹಾಕಿದಂತೆ.

ರೋಗಾಣುನಾಶಕ ಯಾವುದು ಅನ್ನುವುದನ್ನು ಏಪ್ರನ್ ಕಂಪನಿಯ ಚೀಟಿ ಮತ್ತು ನಿಮ್ಮ ಸೋಂಕು ನಿಯಂತ್ರಣ ಸಿಸ್ಟರ್, ಇಬ್ಬರೂ ಒಪ್ಪಬೇಕು. ಸಾಮಾನ್ಯವಾಗಿ ಕ್ವಾಟರ್ನರಿ ಅಮೋನಿಯಂ ಇರುವ ದ್ರಾವಣ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಆಧಾರದ ವೈಪ್‌ಗಳು ಹೊಂದುತ್ತವೆ. ಏಪ್ರನ್ ಮುಟ್ಟುವುದು ಗಾಯವಿಲ್ಲದ ಚರ್ಮವನ್ನು. ಓಟಿಯಲ್ಲಿ ಅದರ ಮೇಲೆ ಸ್ಟೆರೈಲ್ (ಒಂದೂ ರೋಗಾಣು ಇಲ್ಲದ) ಗೌನ್ ಬರುತ್ತದೆ. ಹಾಗಾಗಿ ಏಪ್ರನ್ ಸ್ಟೆರೈಲ್ ಆಗಬೇಕಿಲ್ಲ. ಚೆನ್ನಾಗಿ ಒರೆಸಿ, ರೋಗಾಣುನಾಶಕ ಹಚ್ಚಿದರೆ ಸಾಕು.

ಇದರ ಜೊತೆಗೆ ದಪ್ಪ ಭುಜದ ಹ್ಯಾಂಗರ್ ಅಥವಾ ಏಪ್ರನ್ ಸ್ಟ್ಯಾಂಡ್, ಒಂದು ಸ್ಟ್ಯಾಂಡ್ ಫ್ಯಾನ್ ಮತ್ತು ಗೋಡೆಗೆ ಹಾಕುವ ತೇವಾಂಶ ಮೀಟರ್ ಬೇಕು. ಮಲೆನಾಡಿನಲ್ಲಿ ಈ ಮೀಟರ್ ಇಲ್ಲದೆ ಕೆಲಸ ಶುರು ಮಾಡಬೇಡಿ.

ದಿನದ ಕೆಲಸ

ಪ್ರತಿ ಬಳಕೆಯ ನಂತರ ಏಪ್ರನ್ ಕಣ್ಣಿಗೆ ಗಲೀಜಾಗಿದ್ದರೆ ಆಗಲೇ ಒರೆಸಿ. ಗಲೀಜಾಗದಿದ್ದರೂ ಪಾಳಿ ಮುಗಿಯುವಾಗ ಒಂದು ಸಲ. ಐಸಿಯುಗೆ ಪೋರ್ಟಬಲ್ ಎಕ್ಸ್‌ರೇ ತೆಗೆಯಲು ಹೋಗಿ ಬಂದ ಏಪ್ರನ್ ಆಗಿದ್ದರೆ ಕಾಯುವ ಹಾಗೇ ಇಲ್ಲ, ಮುಂದಿನ ವಾರ್ಡಿಗೆ ಹೋಗುವ ಮುಂಚೆ ಒರೆಸಬೇಕು. ಸೋಂಕಿನಿಂದ ಪ್ರತ್ಯೇಕವಾಗಿಟ್ಟ ರೋಗಿ ಇದ್ದರೆ ಲೆಡ್ ಏಪ್ರನ್ ಮೇಲೆ ಒಂದು ಬಿಸಾಡುವ ಪ್ಲಾಸ್ಟಿಕ್ ಏಪ್ರನ್ ಹಾಕಿಕೊಳ್ಳಿ. ತೊಳೆಯುವ ಕೆಲಸವೇ ಅರ್ಧ ಕಮ್ಮಿ ಆಗುತ್ತದೆ.

ಮಗುವನ್ನು ಹಿಡಿದುಕೊಳ್ಳಲು ನಿಲ್ಲುವ ತಾಯಂದಿರಿಗೆ ಏಪ್ರನ್ ಕೊಡುತ್ತೇವಲ್ಲ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಾಕ್ಟರ್ ಹಾಕುವ ಏಪ್ರನ್ ಹೊಳೆಯುತ್ತಿರುತ್ತದೆ, ಆ ತಾಯಿಗೆ ಕೊಡುವುದು ಮೂಲೆಯ ಹಳೇ ಏಪ್ರನ್. ಅವರು ಮಗುವನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಮಗುವಿನ ಬಾಯಿ ನೇರ ಆ ಬಟ್ಟೆಗೆ ತಾಗುತ್ತದೆ. ಆ ಏಪ್ರನ್‌ನ ಎದೆಭಾಗವನ್ನು ಪ್ರತಿ ಮಗುವಿನ ನಂತರ ಒರೆಸಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ.

ಪೂರ್ತಿ ತೊಳೆಯುವುದು, ಹಂತ ಹಂತವಾಗಿ

ಇದನ್ನು ತಿಂಗಳಿಗೊಮ್ಮೆ ಮಾಡಿದರೆ ಹೆಚ್ಚಿನ ಕಡೆ ಸಾಕು. ಓಟಿ, ಕ್ಯಾಥ್‌ಲ್ಯಾಬ್‌ನಲ್ಲಿ ವಾರಕ್ಕೊಮ್ಮೆ. ಎಲ್ಲ ಏಪ್ರನ್ ಒಂದೇ ದಿನ ತೊಳೆಯಬೇಡಿ. ಮೂರರಲ್ಲಿ ಒಂದು ಪಾಲು ಇವತ್ತು, ಅವು ಒಣಗಿದ ಮೇಲೆ ಮುಂದಿನ ಪಾಲು. ಒಂದೇ ಸಲ ತೊಳೆದರೆ ಒಣಗಿಸಲು ಜಾಗವಿರುವುದಿಲ್ಲ, ತುರ್ತು ಕೇಸ್ ಬಂದರೆ ಹಾಕಲು ಏಪ್ರನ್ನೂ ಇರುವುದಿಲ್ಲ.

ಹಂತ 1. ಜೇಬು ನೋಡಿ. ಪೆನ್ನು, ಚೀಟಿ, ಕ್ಲಿಪ್ ತೆಗೆಯಿರಿ. ಮುಖ್ಯವಾಗಿ ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಒಳಗೆ ಸಿಕ್ಕಿಸಿ ಮರೆತಿರುತ್ತಾರೆ. ಮೂರು ತಿಂಗಳ ಲೆಕ್ಕ ಅದರಲ್ಲಿದೆ, ನೀರು ಬಿದ್ದರೆ ಆ ಲೆಕ್ಕವನ್ನು ನಂಬುವ ಹಾಗಿಲ್ಲ.

ಹಂತ 2. ಬೆಳಕಿನಲ್ಲಿ ಹಿಡಿದು ನೋಡಿ. ಹೊಲಿಗೆ ಬಿಟ್ಟಿದೆಯಾ, ಬಟ್ಟೆ ಹರಿದಿದೆಯಾ, ಬೂದು ಬಣ್ಣದ ಪುಡಿ ಉದುರುತ್ತಿದೆಯಾ. ಹಾಳೆ ಹೊರಗೆ ಕಾಣುತ್ತಿದ್ದರೆ ತೊಳೆಯಬೇಡಿ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ, ರೇಡಿಯೇಶನ್ ಸೇಫ್ಟಿ ಆಫೀಸರ್‌ಗೆ ತಿಳಿಸಿ. ಅಂಗೈಯಿಂದ ನಿಧಾನ ಸವರಿಯೂ ನೋಡಿ. ಒಳಗೆ ಗಂಟು, ಸುಕ್ಕು, ಜೋತು ಬಿದ್ದ ಭಾಗ ಸಿಕ್ಕಿದರೆ ಬರೆದಿಡಿ.

ಹಂತ 3. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಏಪ್ರನ್ನನ್ನು ಹೊರಮೈ ಮೇಲೆ ಬರುವಂತೆ ಚಪ್ಪಟೆಯಾಗಿ ಬಿಡಿಸಿ. ಅಂಚು ಕೆಳಗೆ ಜೋತಾಡಬಾರದು. ಕೆಲವು ಏಪ್ರನ್‌ಗಳಲ್ಲಿ ಜಿಪ್ ತೆಗೆದು ಹಾಳೆಯನ್ನು ಹೊರಗೆ ತೆಗೆಯಬಹುದು. ಹೊಸದು ಕೊಳ್ಳುವಾಗ ಮಲೆನಾಡಿನವರು ಇಂಥದ್ದನ್ನೇ ಕೇಳಿ ತೆಗೆದುಕೊಳ್ಳಿ. ಕವರ್ ಬೇರೆ, ಹಾಳೆ ಬೇರೆ ಒಣಗುತ್ತದೆ.

ಹಂತ 4. ವೆಲ್ಕ್ರೋವನ್ನು ಮೊದಲು ಮುಗಿಸಿ. ಕೂದಲು, ನೂಲು, ಧೂಳು ಎಲ್ಲ ಅಲ್ಲೇ ಕೂತಿರುತ್ತದೆ. ಒಣ ಬ್ರಷ್‌ನಿಂದ ಕೆರೆದರೆ ಧೂಳು ಮೂಗಿಗೆ ಬರುತ್ತದೆ. ಬ್ರಷ್ಷನ್ನು ಸೋಪು ನೀರಲ್ಲಿ ಅದ್ದಿ, ಕೊಡವಿ, ಒಂದೇ ದಿಕ್ಕಿಗೆ ಎಳೆಯಿರಿ.

ಹಂತ 5. ಅರ್ಧ ಬಕೆಟ್ ಉಗುರು ಬೆಚ್ಚಗಿನ ನೀರಿಗೆ ಎರಡು ಚಮಚ ಸೋಪು. ಬಟ್ಟೆ ಅದ್ದಿ, ಹನಿ ಬೀಳದ ಹಾಗೆ ಹಿಂಡಿ. ಇಡೀ ಕೆಲಸದ ಗುಟ್ಟು ಈ ಹಿಂಡುವುದರಲ್ಲಿದೆ. ಬಟ್ಟೆಯಿಂದ ನೀರು ಇಳಿಯುತ್ತಿದ್ದರೆ ಅದು ಹೊಲಿಗೆಯೊಳಗೆ ಹೋಗುತ್ತದೆ. ಬಟ್ಟೆಯನ್ನು ನಾಲ್ಕಾಗಿ ಮಡಚಿಕೊಳ್ಳಿ, ಆಗ ಎಂಟು ಮೈ ಸಿಗುತ್ತದೆ. ಒಂದು ಮೈ ಕೊಳೆಯಾದ ಮೇಲೆ ಇನ್ನೊಂದಕ್ಕೆ ತಿರುಗಿಸಿ. ಮೇಲಿಂದ ಕೆಳಗೆ ಒರೆಸಿ. ಭುಜದಿಂದ ಶುರು, ಕೆಳ ಅಂಚಿನಲ್ಲಿ ಮುಕ್ತಾಯ. ಜಿಡ್ಡು ಕೂತ ಕಡೆ ಮಾತ್ರ ಮೃದು ಬ್ರಷ್.

ಹಂತ 6. ಬರೀ ನೀರಿನ ಬಕೆಟ್ಟಿನ ಬಟ್ಟೆಯಿಂದ ಸೋಪು ಪೂರ್ತಿ ಹೋಗುವವರೆಗೆ ಒರೆಸಿ. ಎರಡು ಸಲವಾದರೂ ಬೇಕು. ಸೋಪು ಉಳಿದರೆ ಕತ್ತಿನ ಚರ್ಮ ಕೆರೆಯುತ್ತದೆ. ರೋಗಾಣುನಾಶಕವೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹಂತ 7. ಈಗ ರೋಗಾಣುನಾಶಕ. ಕೊಳೆ ಇರುವಾಗ ಹಚ್ಚಿದರೆ ಅದು ಕೊಳೆಯ ಜೊತೆ ಜಗಳವಾಡಿ ಸುಸ್ತಾಗುತ್ತದೆ, ರೋಗಾಣು ಕೆಳಗೆ ಹಾಯಾಗಿರುತ್ತದೆ. ಅದಕ್ಕೇ ತೊಳೆದ ಮೇಲೆ. ಬಾಟಲಿಯ ಮೇಲೆ ಎಷ್ಟು ನಿಮಿಷ ಒದ್ದೆಯಾಗಿರಬೇಕು ಅಂತ ಬರೆದಿರುತ್ತದೆ. ಕೆಲವಕ್ಕೆ 1 ನಿಮಿಷ, ಕೆಲವಕ್ಕೆ 10. ಅಷ್ಟು ಹೊತ್ತು ಮೇಲ್ಮೈ ಒದ್ದೆಯಾಗೇ ಇರಬೇಕು. ಅಷ್ಟರವರೆಗೆ ಫ್ಯಾನ್ ಆಫ್. ಫ್ಯಾನ್ ತಿರುಗುತ್ತಿದ್ದರೆ ಎರಡೇ ನಿಮಿಷಕ್ಕೆ ಒಣಗಿಬಿಡುತ್ತದೆ. ಗೋಡೆ ಗಡಿಯಾರ ನೋಡಿಕೊಂಡು ಮಾಡಿ, ಅಂದಾಜಿನ ಮೇಲೆ ಬೇಡ. ಹೊತ್ತಾದ ಮೇಲೆ ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಹಂತ 8. ಮೇಜಿನ ಹಾಳೆ ಒರೆಸಿ, ಏಪ್ರನ್ ತಿರುಗಿಸಿ, ಒಳಮೈಗೆ ಇನ್ನೊಂದು ಬಣ್ಣದ ಬಟ್ಟೆ ತೆಗೆದುಕೊಂಡು ಇದನ್ನೇ ಮಾಡಿ. ತಿರುಗಿಸುವಾಗ ಇಬ್ಬರು ಹಿಡಿದರೆ ಒಳ್ಳೆಯದು. ಒಬ್ಬರೇ ಒಂದು ತುದಿ ಹಿಡಿದು ಎಳೆದರೆ ಹಾಳೆ ಮಡಚಿಕೊಳ್ಳುತ್ತದೆ.

ರಕ್ತ ತಾಗಿದ ಬಟ್ಟೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ.

ಕಲೆಗಳು

ರಕ್ತಕ್ಕೆ ಯಾವತ್ತೂ ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಒಣಗಿದ ರಕ್ತದ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಟ್ಟು ಆಮೇಲೆ ಒರೆಸಿ. ಹೋಗದಿದ್ದರೆ ಓಟಿಯಲ್ಲಿ ಉಪಕರಣ ತೊಳೆಯಲು ಬಳಸುವ ಎಂಜೈಮ್ ದ್ರಾವಣ, ಏಪ್ರನ್ ಲೇಬಲ್ ಒಪ್ಪಿದರೆ.

ಸಿಟಿ, ಕ್ಯಾಥ್‌ಲ್ಯಾಬ್‌ನಲ್ಲಿ ಚೆಲ್ಲುವ ಡೈ (ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲಿ ಅಂತ ಚುಚ್ಚುವ ದ್ರವ) ಇದಕ್ಕೆ ತದ್ವಿರುದ್ಧ. ಒಣಗಿದರೆ ಬೆಲ್ಲದ ಪಾಕದಂತೆ ಅಂಟಂಟು. ಬೆಚ್ಚಗಿನ ನೀರಿಗೆ ಸಲೀಸಾಗಿ ಕರಗುತ್ತದೆ. ಮೂಳೆ ಓಟಿಯ ಪ್ಲಾಸ್ಟರ್ ಒಣಗಿದ್ದರೆ ಉಗುರಿನಿಂದ, ಬ್ಲೇಡಿನಿಂದ ಕೆರೆಯಬೇಡಿ. ನೆನೆಸಿ ಮೆತ್ತಗಾದ ಮೇಲೆ ಒರೆಸಿ.

ನಮ್ಮ ಕಡೆಯ ಕಲೆ ಇನ್ನೊಂದಿದೆ. ಅಡಿಕೆ ಸುಲಿಯುವ ಕಾಲದಲ್ಲಿ ರೋಗಿಯನ್ನು ಹಿಡಿಯಲು ಬರುವವರ ಕೈಯೆಲ್ಲ ಚೊಗರು. ಎಲೆಅಡಿಕೆಯ ಕೆಂಪು ಬೇರೆ. ಎರಡೂ ತಾಗಿದ ಕೂಡಲೇ ಒರೆಸಿದರೆ ಹೋಗುತ್ತದೆ. ಒಂದು ರಾತ್ರಿ ಬಿಟ್ಟರೆ ಕಲೆ ನಿಲ್ಲುತ್ತದೆ. ನಿಂತರೆ ನಿಲ್ಲಲಿ. ಕಲೆ ಇದ್ದ ಮಾತ್ರಕ್ಕೆ ಏಪ್ರನ್ ಅಶುದ್ಧ ಅಲ್ಲ. ಅದನ್ನು ತೆಗೆಯಲು ಬ್ಲೀಚ್ ಹಾಕಿ ಬಟ್ಟೆ ಹಾಳು ಮಾಡಿಕೊಳ್ಳುವುದಕ್ಕಿಂತ ಕಲೆಯ ಜೊತೆ ಬದುಕುವುದು ಮೇಲು.

ಒಣಗಿಸುವುದು

ಮೊದಲ ಮಾತು ಕಾಲದ್ದು. ಮಳೆ ಹಿಡಿಯುವ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ ಒಟ್ಟುತ್ತಾರೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತವೆ. ಏಪ್ರನ್‌ನ ದೊಡ್ಡ ತೊಳೆತವನ್ನೂ ಆ ಲೆಕ್ಕಕ್ಕೆ ಸೇರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲವನ್ನೂ ಒಂದು ಸುತ್ತು ಪೂರ್ತಿ ತೊಳೆದು, ಒಣಗಿಸಿ, ಪರೀಕ್ಷೆ ಮಾಡಿಸಿ ಇಡಿ. ಆರಿದ್ರಾ ಮಳೆ ಹಿಡಿದ ಮೇಲೆ ಆದಷ್ಟು ಒರೆಸುವುದರಲ್ಲೇ ನಿಭಾಯಿಸಿ. ಪೂರ್ತಿ ತೊಳೆಯಲೇಬೇಕಾದರೆ ಒಂದು ಸಲಕ್ಕೆ ಒಂದೋ ಎರಡೋ.

ಬೇಸಿಗೆಯಲ್ಲೂ ಬಿಸಿಲಿಗೆ ಹಾಕಬೇಡಿ. ಮಳೆಗಾಲದಲ್ಲಿ ಹೀಟರ್, ಹೇರ್ ಡ್ರೈಯರ್, ಬ್ಲೋವರ್ ಹತ್ತಿರ ಬೇಡ. ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿ ರೂಢಿಯಾದವರಿಗೆ ಬೆಚ್ಚಗಿನ ಜಾಗ ಕಂಡರೆ ಕೈ ಅಲ್ಲಿಗೇ ಹೋಗುತ್ತದೆ. ನಮಗೆ ಬೇಕಾದದ್ದು ಒಣ ಗಾಳಿ, ಬಿಸಿ ಗಾಳಿ ಅಲ್ಲ.

ಒಣ ಗಾಳಿ ಎಲ್ಲಿದೆ? ಸಿಟಿ ಇರುವ ಆಸ್ಪತ್ರೆಯಲ್ಲಿ ಜುಲೈ ತಿಂಗಳ ಅತಿ ಒಣ ಕೋಣೆ ಸಿಟಿ ಕೋಣೆಯೇ. ಅಲ್ಲಿ ಯಂತ್ರಕ್ಕಾಗಿ ಏಸಿ ನಿಲ್ಲದೆ ಓಡುತ್ತಿರುತ್ತದೆ. ಏಸಿ ಗಾಳಿಯ ನೀರನ್ನು ಹೀರಿ ಹೊರಗೆ ಹಾಕುತ್ತದೆ. ಸಿಟಿಯ ಕನ್ಸೋಲ್ ಕೋಣೆಯಲ್ಲಿ ಒಂದು ಮೂಲೆ ಕೇಳಿ ಪಡೆಯಿರಿ. ಸಿಟಿ ಇಲ್ಲದ ತಾಲ್ಲೂಕು ಆಸ್ಪತ್ರೆಯಾದರೆ ಏಸಿ ಇರುವ ಯಾವುದಾದರೂ ಕೋಣೆ, ಡ್ರೈ ಮೋಡ್‌ನಲ್ಲಿ. ಅದೂ ಇಲ್ಲದಿದ್ದರೆ ಗಾಳಿಯ ತೇವ ಹೀರುವ ಯಂತ್ರ, ಅಂದರೆ ಒಂದು ಡಿಹ್ಯುಮಿಡಿಫೈಯರ್‌ಗೆ ಅರ್ಜಿ ಹಾಕಿ. ಒಂದು ಏಪ್ರನ್ ಹಾಳಾದರೆ ಆಗುವ ನಷ್ಟ ಎಷ್ಟು ಅಂತ ಅರ್ಜಿಯಲ್ಲೇ ಬರೆಯಿರಿ. ತೇವಾಂಶ ಮೀಟರ್ 60% ಕೆಳಗೆ ತೋರಿಸುವ ಕೋಣೆ ಬೇಕು. ಅದಕ್ಕಿಂತ ಮೇಲೆ ಇದ್ದರೆ ಬೂಷ್ಟಿಗೆ ಅನುಕೂಲ.

ಒಣ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಹೊಲಿಗೆಯ ಸಾಲು, ಭುಜದ ಪಟ್ಟಿ, ಬೆಲ್ಟ್, ವೆಲ್ಕ್ರೋ, ಇಲ್ಲಿ ಎರಡು ಸಲ. ಆಮೇಲೆ ದಪ್ಪ ಹ್ಯಾಂಗರ್‌ಗೆ ನೇತುಹಾಕಿ. ವೆಲ್ಕ್ರೋ ಬಿಚ್ಚಿರಲಿ, ಎರಡು ಏಪ್ರನ್ ಒಂದಕ್ಕೊಂದು ತಾಗದಿರಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಫ್ಯಾನ್ ಈಗ ಹಾಕಿ. ಮೂರು ನಾಲ್ಕು ಗಂಟೆಗೊಮ್ಮೆ ಹಿಂದುಮುಂದು ಮಾಡಿ.

ಹಗ್ಗದ ಮೇಲೆ ಮಾತ್ರ ಹಾಕಬೇಡಿ. ಮೊದಲು ಹೇಳಿದ ಐದರಲ್ಲಿ ಒಂದನ್ನು ಹೇಗೋ ಉಳಿಸಿಕೊಂಡಿದ್ದೆವು. ಅದು ಮುಂಚಿನಿಂದಲೂ ಬಟ್ಟೆ ಹಗ್ಗದ ಮೇಲೆ ನಡುವಿಗೆ ಮಡಚಿ ಬಿದ್ದಿರುತ್ತಿದ್ದ ಏಪ್ರನ್. ಎಕ್ಸ್‌ರೇ ಕೆಳಗೆ ಹಾಕಿ ನೋಡಿದೆವು. ಚಿತ್ರದಲ್ಲಿ ಬೆಳ್ಳಗೆ ಬಂದ ಏಪ್ರನ್ ನಡುವೆ, ಎಡದಿಂದ ಬಲಕ್ಕೆ, ಹಗ್ಗ ಕೂತ ಜಾಗದಲ್ಲೇ ಒಂದು ಕಪ್ಪು ಗೆರೆ. ಮೊದಮೊದಲು ಕೂದಲೆಳೆಯಷ್ಟು, ಬಲ ತುದಿಗೆ ಬರುವಾಗ ಪೆನ್ಸಿಲ್ ಗೆರೆಯಷ್ಟು ದಪ್ಪ. ಹೊರಗಿನ ನೀಲಿ ಬಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ಹಾಕಿಕೊಂಡು ಓಟಿಯಲ್ಲಿ ಗಂಟೆಗಟ್ಟಲೆ ನಿಂತವರು ಇದ್ದರು, ನಾನೂ ನಿಂತಿದ್ದೆ.

ಬೂಷ್ಟು ಬಂದುಬಿಟ್ಟಿದ್ದರೆ

ಒಣ ಬ್ರಷ್‌ನಿಂದ ಕೊಡವಬೇಡಿ, ಬೀಜಕಣ ಕೋಣೆಯೆಲ್ಲ ಹರಡುತ್ತದೆ. ಮಾಸ್ಕ್, ಕೈಗವಸು ಹಾಕಿ, ಕಿಟಕಿ ತೆಗೆದು, ಸೋಪು ನೀರಿನ ಬಟ್ಟೆಯಿಂದ ಒದ್ದೆಯಾಗೇ ಒರೆಸಿ ತೆಗೆಯಿರಿ. ಆ ಬಟ್ಟೆ ಮತ್ತೆ ಬಕೆಟ್‌ಗೆ ಅದ್ದಬೇಡಿ, ಬಿಸಾಡಿ. ಫಂಗಸ್ ಮೇಲೂ ಕೆಲಸ ಮಾಡುತ್ತದೆ ಅಂತ ಲೇಬಲ್ ಇರುವ ರೋಗಾಣುನಾಶಕ ಹಚ್ಚಿ. ಪೂರ್ತಿ ಒಣಗಿಸಿ. ಎರಡು ದಿನ ಬಿಟ್ಟು ನೋಡಿ. ಮೂಗು ಹಚ್ಚಿ ಮೂಸಬೇಡಿ, ಹತ್ತಿರ ನಿಂತಾಗ ವಾಸನೆ ಬರುತ್ತದಾ ಅಷ್ಟೇ ಗಮನಿಸಿ. ವಾಸನೆ ಇನ್ನೂ ಇದ್ದರೆ ಬೂಷ್ಟು ಒಳಗೆ ಹೋಗಿದೆ ಅಂತ ಅರ್ಥ. ಕವರ್ ಬದಲಿಸಬಹುದಾದರೆ ಬದಲಿಸಿ. ಆಗದಿದ್ದರೆ ಆ ಏಪ್ರನ್ ಬಿಟ್ಟುಬಿಡಿ.

ಇಡುವ ಬೀರುವೇ ಬೂಷ್ಟಿನ ಮನೆ ಆಗಿರುತ್ತದೆ ಎಷ್ಟೋ ಸಲ. ಮುಚ್ಚಿದ ಬೀರು ಬೇಡ. ತೆರೆದ ಸ್ಟ್ಯಾಂಡ್, ಹೊರಗೋಡೆಯಿಂದ ದೂರ.

ಕಾಲರ್, ಕೈಗವಸು, ಕನ್ನಡಕ

ಥೈರಾಯ್ಡ್ ಕಾಲರ್ ನೇರ ಕತ್ತಿಗೆ ತಾಗುತ್ತದೆ. ಬೆವರು, ಪೌಡರ್, ಗಡ್ಡದ ಕೂದಲು ಎಲ್ಲ ಅದರಲ್ಲೇ. ಸಾಧ್ಯವಾದರೆ ಒಬ್ಬರಿಗೆ ಒಂದು, ಹೆಸರು ಬರೆದು. ಆಗದಿದ್ದರೆ ಪ್ರತಿ ಬಳಕೆಗೂ ಒರೆಸಬೇಕು. ಮಡಚಿ ಏಪ್ರನ್ ಜೇಬಿಗೆ ತುರುಕುವ ಅಭ್ಯಾಸ ಬಿಡಿ.

ಸೀಸದ ಕೈಗವಸಿನ ಒಳಗೆ ಒದ್ದೆ ಉಳಿಯುವುದು ಗೊತ್ತೇ ಆಗುವುದಿಲ್ಲ. ಬಾಯಿ ತೆರೆದಿರುವಂತೆ ಒಂದು ಬಾಟಲಿಗೆ ತಲೆಕೆಳಗಾಗಿ ಸಿಕ್ಕಿಸಿ ಒಣಗಿಸಿ. ಕನ್ನಡಕಕ್ಕೆ ಸೋಪು ನೀರು, ಮೃದು ಬಟ್ಟೆ ಸಾಕು.

ಪುಸ್ತಕ ಮತ್ತು ಪರೀಕ್ಷೆ

ಪ್ರತಿ ಏಪ್ರನ್‌ಗೆ ಒಂದು ನಂಬರ್ ಕೊಡಿ. ಒಂದು ರಿಜಿಸ್ಟರ್ ಇಡಿ. ಯಾವ ದಿನ ತೊಳೆದಿರಿ, ಯಾವ ದ್ರಾವಣ, ಯಾರು, ಏನು ಕಂಡಿತು. ವರ್ಷಕ್ಕೊಮ್ಮೆಯಾದರೂ ಪ್ರತಿ ಏಪ್ರನ್ನನ್ನೂ ಫ್ಲೋರೋಸ್ಕೋಪಿ (ಪರದೆಯ ಮೇಲೆ ನೇರ ಕಾಣುವ ಎಕ್ಸ್‌ರೇ) ಅಥವಾ ಎಕ್ಸ್‌ರೇಯಲ್ಲಿ ನೋಡಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರು ತಪಾಸಣೆಗೆ ಬಂದಾಗ ತೋರಿಸಲು ಈ ದಾಖಲೆ ಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಅದನ್ನು ಹಾಕಿಕೊಳ್ಳುವವರಿಗೆ ಬೇಕು. ಮಲೆನಾಡಿನಲ್ಲಿ ನಾನು ಎರಡು ಸಲ ನೋಡಿ ಅನ್ನುತ್ತೇನೆ. ಮಳೆಗೆ ಮುಂಚೆ ಒಂದು, ದೀಪಾವಳಿ ಹೊತ್ತಿಗೆ ಇನ್ನೊಂದು.

ಬಿಸಾಡಬೇಕಾದ ಏಪ್ರನ್ ಹಳದಿ ಚೀಲಕ್ಕೆ ಹಾಕಬೇಡಿ. ಹಳದಿ ಚೀಲ ಹೋಗುವುದು ಸುಡುವ ಯಂತ್ರಕ್ಕೆ, ಸೀಸ ಹೊಗೆಯಾಗಿ ಊರಿಗೇ ಬರುತ್ತದೆ. ಗುಜರಿಯವರಿಗೂ ಕೊಡಬೇಡಿ. ಒರೆಸಿ, ಚೀಲದಲ್ಲಿ ಕಟ್ಟಿ, ಕಂಪನಿಗೆ ವಾಪಸ್ ಅಥವಾ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ, ರಸೀದಿ ಪಡೆದು.

ಮಾರನೇ ದಿನ ಬೆಳಗ್ಗೆ

ಮೊದಲ ರೋಗಿ ಬರುವ ಮುಂಚೆ ಇದೊಂದು ಕೆಲಸ. ಒಂದು ಟಿಶ್ಯೂ ಕಾಗದವನ್ನು ಏಪ್ರನ್‌ನ ಕೆಳ ಅಂಚಿನ ಹೊಲಿಗೆ ಮೇಲಿಟ್ಟು ಎರಡು ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಹತ್ತು ಎಣಿಸಿ. ನೀರು ಯಾವಾಗಲೂ ಕೆಳಗೇ ಇಳಿದಿರುತ್ತದೆ. ಆಮೇಲೆ ಬೆಲ್ಟ್ ಸೇರುವ ಜಾಗ, ಭುಜದ ಒಳಭಾಗ. ಕಾಗದದ ಮೇಲೆ ಸಣ್ಣ ತೇವದ ಗೆರೆ ಬಂದರೂ ಆ ಏಪ್ರನ್ ಇವತ್ತು ಫ್ಯಾನ್ ಕೆಳಗೇ ಇರಲಿ. ಮೂರೂ ಕಡೆ ಕಾಗದ ಒಣಗಿದ್ದರೆ ನಂಬರ್ ನೋಡಿ ಸ್ಟ್ಯಾಂಡಿಗೆ ಹಾಕಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಿ, ಸೋಪು ಹಾಕಿ ಕೈ ತೊಳೆದುಕೊಳ್ಳಿ.